ಸೀಬರ್ಡ್‌ನಲ್ಲಿ ಕೆಲಸ: ಬಿಡಾರ ಕಾರವಾರದಲ್ಲೋ, ಅಂಕೋಲಾದಲ್ಲೋ, ಊರಲ್ಲೋ?

ಸನವಳ್ಳಿ (ಮುಂಡಗೋಡ): ಉತ್ತರ ಕನ್ನಡ ಜಿಲ್ಲೆಯ ನಕ್ಷೆಯಲ್ಲಿ ಮುಂಡಗೋಡ ತಾಲ್ಲೂಕಿನ ಸನವಳ್ಳಿಯೂ ಕಾರವಾರ ತಾಲ್ಲೂಕಿನ ಅರಗಾವೂ ಒಂದೇ ಗೆರೆಯೊಳಗೆ ಬರುತ್ತವೆ. ಆದರೆ ಒಂದು ಘಟ್ಟದ ಮೇಲಿನ ಅರೆಮಲೆನಾಡು, ಇನ್ನೊಂದು ಅರಬ್ಬಿ ಸಮುದ್ರದ ದಂಡೆ. ನಡುವೆ ಯಲ್ಲಾಪುರದ ಕಾಡು, ಅರಬೈಲ್ ಘಟ್ಟ, ಅಂಕೋಲಾದ ಬಯಲು. ರಸ್ತೆಯಲ್ಲಿ ಲೆಕ್ಕ ಹಾಕಿದರೆ ಸುಮಾರು 140 ಕಿ.ಮೀ. ಮುಂಡಗೋಡ ಭಾಗದ ಜನ ಸಂತೆ, ಆಸ್ಪತ್ರೆ, ಕಾಲೇಜು ಎಂದು ಹುಬ್ಬಳ್ಳಿಯತ್ತ ಮುಖ ಮಾಡಿದವರೇ ಹೊರತು ಕಾರವಾರದತ್ತ ಅಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗುವುದೆಂದರೆ ಕಚೇರಿ ಕೆಲಸಕ್ಕೆ ಒಂದು ದಿನ ಮೀಸಲಿಡುವುದೆಂದೇ ಅರ್ಥ.

ಇಂತಹ ಊರಿನ ಯುವಕನಿಗೋ ಯುವತಿಗೋ ಕಾರವಾರದ ನೌಕಾನೆಲೆಯಲ್ಲಿ ಕೆಲಸ ಸಿಕ್ಕಿತೆಂದರೆ ಸಂತೋಷದ ಬೆನ್ನಿಗೇ ಪ್ರಶ್ನೆಯೊಂದು ಏಳುತ್ತದೆ: ಮನೆ ಎಲ್ಲಿ ಮಾಡುವುದು? ನೆಲೆಯ ಬಾಗಿಲಲ್ಲೇ ಕೋಣೆ ಹಿಡಿಯುವುದೇ, ಕಾರವಾರ ಪಟ್ಟಣದಲ್ಲಿ ಸಂಸಾರ ಹೂಡುವುದೇ, ಅಂಕೋಲಾದಿಂದ ಓಡಾಡುವುದೇ, ಅಥವಾ ಹೆಂಡತಿ ಮಕ್ಕಳನ್ನೂ ತಂದೆ ತಾಯಿಯನ್ನೂ ಊರಲ್ಲೇ ಬಿಟ್ಟು ವಾರಕ್ಕೊಮ್ಮೆ ಬಂದು ಹೋಗುವುದೇ? ಬಾಡಿಗೆಯೊಂದನ್ನೇ ನೋಡಿ ತೀರ್ಮಾನಿಸಿದವರು ಮೊದಲ ಮಳೆಗಾಲದಲ್ಲೇ ಗಂಟುಮೂಟೆ ಕಟ್ಟಬೇಕಾಗಿ ಬರಬಹುದು. ಹಾಗಾಗದಂತೆ ನೋಡಬೇಕಾದ ಸಂಗತಿಗಳು ಯಾವುವು ಎಂಬುದರ ವಿವರ ಇಲ್ಲಿದೆ.

ನೆಲೆ ಬೆಳೆದ ಬಗೆ

ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಹಣದ ಅಡಚಣೆಯಿಂದ ವರ್ಷಗಟ್ಟಲೆ ಕುಂಟಿದ ಕಾಮಗಾರಿಯ ಮೊದಲ ಹಂತ ಮುಗಿದು, 2005ರ ಮೇ 31ರಂದು ಅಂದಿನ ರಕ್ಷಣಾ ಸಚಿವ ಪ್ರಣವ್ ಮುಖರ್ಜಿ ಅವರು ಐಎನ್ಎಸ್ ಕದಂಬ ನೆಲೆಯನ್ನು ದೇಶಕ್ಕೆ ಸಮರ್ಪಿಸಿದರು. ಬನವಾಸಿಯಿಂದ ಆಳಿದ ಕದಂಬರ ಹೆಸರು ಹೀಗೆ ಸಮುದ್ರದಂಡೆಗೆ ಇಳಿಯಿತು. ವಿಮಾನವಾಹಕ ನೌಕೆ ಐಎನ್ಎಸ್ ವಿಕ್ರಮಾದಿತ್ಯಕ್ಕೂ ಇದೇ ತವರು ಬಂದರು.

ಎರಡನೆಯ ಹಂತದ ಮೊದಲ ಭಾಗ, ಅಂದರೆ '2ಎ' ಹಂತದ ಗುರಿ ಇನ್ನೂ ದೊಡ್ಡದು. 32 ಯುದ್ಧನೌಕೆ ಮತ್ತು ಜಲಾಂತರ್ಗಾಮಿಗಳು ನಿಲ್ಲುವಷ್ಟು ಜಾಗ, ನೌಕಾ ದುರಸ್ತಿ ಕಟ್ಟೆ, ವಾಯುನೆಲೆ ಹಾಗೂ ಸಮವಸ್ತ್ರಧಾರಿಗಳು ಮತ್ತು ನಾಗರಿಕ ಸಿಬ್ಬಂದಿ ಸೇರಿ ಸುಮಾರು 10,000 ಮಂದಿಗೆ ಕುಟುಂಬ ಸಹಿತ ವಸತಿ ಇದರಲ್ಲಿ ಸೇರಿವೆ. ಅಧಿಕಾರಿಗಳು ಮತ್ತು ರಕ್ಷಣಾ ಇಲಾಖೆಯ ನಾಗರಿಕ ನೌಕರರಿಗಾಗಿ ಕಟ್ಟಿದ ಏಳು ವಸತಿ ಗೋಪುರಗಳ 320 ಮನೆಗಳನ್ನು 2024ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಉದ್ಘಾಟಿಸಿದರು. 2025ರ ಏಪ್ರಿಲ್ 5ರಂದು ಅವರೇ ಕಾರವಾರಕ್ಕೆ ಬಂದು 2,000 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಸೌಕರ್ಯಗಳಿಗೆ ಚಾಲನೆ ನೀಡಿದರು. ಕಾಮಗಾರಿಯಿಂದ ಸುಮಾರು 7,000 ಮಂದಿಗೆ ನೇರವಾಗಿಯೂ 20,000 ಮಂದಿಗೆ ಪರೋಕ್ಷವಾಗಿಯೂ ಉದ್ಯೋಗ ದೊರೆತಿದೆ ಎಂಬುದು ಸರ್ಕಾರ ಆಗ ನೀಡಿದ ಲೆಕ್ಕ.

ಈ ಅಂಕಿಗಳ ಇನ್ನೊಂದು ಮಗ್ಗುಲೂ ಇದೆ. ನೆಲೆಗಾಗಿ ಸುಮಾರು 11,000 ಎಕರೆ ಭೂಮಿ ಹೋಯಿತು. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ 4,032 ಕುಟುಂಬಗಳು ಒಕ್ಕಲೆದ್ದವು. ಮೊದಲೇ ಬೆಟ್ಟಕ್ಕೂ ಕಡಲಿಗೂ ನಡುವೆ ಕಿರಿದಾದ ಪಟ್ಟಿಯಷ್ಟೇ ನೆಲವಿದ್ದ ಕರಾವಳಿಯಲ್ಲಿ ಮನೆ ಕಟ್ಟುವ ಜಾಗ ಮತ್ತಷ್ಟು ಕುಗ್ಗಿತು. ಇಂದು ನೆಲೆಯ ಸುತ್ತ ಬಾಡಿಗೆ ಮನೆ ಹುಡುಕುವವರಿಗೆ ಎದುರಾಗುವ ಅಭಾವದ ಬೇರು ಇಲ್ಲಿದೆ.

ಎಲ್ಲರಿಗೂ ಆಯ್ಕೆ ಇಲ್ಲ

ನೆಲೆಯಲ್ಲಿ ಕೆಲಸ ಎಂದ ಮಾತ್ರಕ್ಕೆ ಎಲ್ಲರ ಸ್ಥಿತಿಯೂ ಒಂದೇ ಅಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ ಸೇರಿದ ಅಗ್ನಿವೀರರು ಅವಿವಾಹಿತರಾಗಿದ್ದು, ಸೇನೆ ಕೊಡುವ ವಾಸದಲ್ಲೇ ಇರಬೇಕು. ಅವರಿಗೆ ಈ ಪ್ರಶ್ನೆಯೇ ಇಲ್ಲ. ಕುಟುಂಬವಿರುವ ನಾವಿಕರು ಮತ್ತು ಅಧಿಕಾರಿಗಳು ವಸತಿಗೃಹಕ್ಕೆ ಸರದಿಯಲ್ಲಿ ನಿಲ್ಲುತ್ತಾರೆ. ಸರದಿ ಬರುವ ತನಕ ಮಾತ್ರ ಹೊರಗೆ ಬಾಡಿಗೆ. ಅವರು ಎರಡು ಮೂರು ವರ್ಷಕ್ಕೆ ವರ್ಗವಾಗುವವರು. ಜಾಗ ಕೊಂಡು ಮನೆ ಕಟ್ಟುವ ವಿಚಾರ ಅವರಿಗೆ ಸಲ್ಲದು.

ನಾಗರಿಕ ನೌಕರರದು ಬೇರೆ ಲೆಕ್ಕ. ದುರಸ್ತಿ ಕಟ್ಟೆಯ ಕುಶಲಕರ್ಮಿ, ಉಗ್ರಾಣದ ಗುಮಾಸ್ತ, ಅಗ್ನಿಶಾಮಕ ಸಿಬ್ಬಂದಿ ಮುಂತಾದವರು ದೀರ್ಘಕಾಲ ಒಂದೇ ಕಡೆ ಇರುವ ಸಂಭವ ಹೆಚ್ಚು. ಎಲ್ಲಿ ನೆಲೆಸಬೇಕೆಂಬ ಪ್ರಶ್ನೆ ನಿಜವಾಗಿ ಇವರದೇ. ಗುತ್ತಿಗೆ ನೌಕರರ ಸ್ಥಿತಿ ಇನ್ನೂ ಸೂಕ್ಷ್ಮ. ಗುತ್ತಿಗೆ ಮುಗಿದರೆ ಕೆಲಸವೂ ಮುಗಿಯಿತು. ಆದ್ದರಿಂದ ಅವರು ದೊಡ್ಡ ಮುಂಗಡ ಕೊಟ್ಟು ಮನೆ ಹಿಡಿಯುವುದಾಗಲಿ, ಮಕ್ಕಳ ಶಾಲೆ ಬದಲಿಸುವುದಾಗಲಿ ಮಾಡುವ ಮುನ್ನ ಎರಡು ಬಾರಿ ಯೋಚಿಸಬೇಕು.

ಮೊದಲು ಗೇಟು ಯಾವುದು ಕೇಳಿ

'ಕಾರವಾರ ನೌಕಾನೆಲೆ' ಎಂಬುದು ಒಂದೇ ಕಟ್ಟಡವಲ್ಲ. ಬಿಣಗಾದ ಆಚೆಯಿಂದ ಅಂಕೋಲಾ ತಾಲ್ಲೂಕಿನವರೆಗೆ ಹೆದ್ದಾರಿಯ ಪಕ್ಕದಲ್ಲಿ ಚಾಚಿಕೊಂಡ ಪ್ರದೇಶ ಅದು. ಬಂದರಿನ ಚಟುವಟಿಕೆ ಅರಗಾದ ಕಡೆಗೆ, ವಸತಿ ಸಮುಚ್ಚಯ ಅಮದಳ್ಳಿಯ ಕಡೆಗೆ, ವಾಯುನೆಲೆಗೆ ಗುರುತಿಸಿದ ಜಾಗ ಅಂಕೋಲಾ ಸಮೀಪದ ಅಲಗೇರಿಯಲ್ಲಿ. ನೇಮಕಾತಿ ಆದೇಶದಲ್ಲಿ 'ಕಾರವಾರ' ಎಂದಷ್ಟೇ ಇದ್ದರೆ ಸಾಲದು. ನಿತ್ಯ ಹಾಜರಾಗಬೇಕಾದ ಗೇಟು ಯಾವುದು, ಸರದಿ ಪಾಳಿ ಇದೆಯೇ, ಎಷ್ಟು ಗಂಟೆಗೆ ಒಳಗಿರಬೇಕು ಎಂಬುದನ್ನು ತಿಳಿದ ಮೇಲೆಯೇ ಮನೆಯ ಹುಡುಕಾಟ ಆರಂಭಿಸುವುದು ಒಳಿತು. ಗೇಟಿನಲ್ಲಿ ಪಾಸು ತಪಾಸಣೆಗೂ ಸಮಯ ಬೇಕು. ದೂರವನ್ನು ಮನೆಯಿಂದ ಗೇಟಿಗೆ ಮಾತ್ರವಲ್ಲ, ಗೇಟಿನಿಂದ ಕೆಲಸದ ಜಾಗಕ್ಕೂ ಎಣಿಸಬೇಕು.

ನಾಲ್ಕು ದಿಕ್ಕು, ನಾಲ್ಕು ಬಗೆ

ಕಾರವಾರ ಪಟ್ಟಣ: ಅರಗಾದಿಂದ ಸುಮಾರು 10 ಕಿ.ಮೀ. ಉತ್ತರಕ್ಕಿದೆ. ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜು, ಜಿಲ್ಲಾ ಮಟ್ಟದ ಕಚೇರಿಗಳು, ಶಾಲೆಗಳು, ಮಾರುಕಟ್ಟೆ ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಪತಿ ಪತ್ನಿ ಇಬ್ಬರೂ ದುಡಿಯುವ ಕುಟುಂಬಕ್ಕೆ ಇನ್ನೊಬ್ಬರ ಕೆಲಸಕ್ಕೂ ಅವಕಾಶವಿರುವುದು ಇಲ್ಲಿಯೇ. ಪಟ್ಟಣದಿಂದ ಬಿಣಗಾ ದಾಟಲು ಹಿಂದೆ ಗುಡ್ಡದ ತಿರುವುಗಳನ್ನು ಹಾಯಬೇಕಿತ್ತು. ಚತುಷ್ಪಥ ಕಾಮಗಾರಿಯಲ್ಲಿ ಸುರಂಗಗಳಾದ ಮೇಲೆ ದಾರಿ ಸಲೀಸಾಯಿತು. ಆದರೂ 2023ರ ಮಳೆಗಾಲದಲ್ಲಿ ಸುರಕ್ಷತೆಯ ಪ್ರಶ್ನೆ ಎದ್ದು ಸುರಂಗದ ಸಂಚಾರವನ್ನು ಕೆಲಕಾಲ ನಿಲ್ಲಿಸಲಾಗಿತ್ತು ಎಂಬುದು ನೆನಪಿರಲಿ. ರೈಲು ನಿಲ್ದಾಣ ಪಟ್ಟಣದ ಹೊರಗೆ ಶಿರವಾಡದಲ್ಲಿದೆ.

ನೆಲೆಯ ಸೆರಗಿನ ಹಳ್ಳಿಗಳು: ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಮುದಗಾ. ಓಡಾಟದ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿ ಪಾಳಿಯವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಆದರೆ ಮನೆಗಳು ಕಡಿಮೆ, ಬೇಡಿಕೆ ಹೆಚ್ಚು. ಜೊತೆಗೆ ಮಳೆಯ ಕಾಟ. ಗುಡ್ಡದಿಂದ ಇಳಿದ ನೀರು ಸಮುದ್ರ ಸೇರುವ ದಾರಿ ಇಕ್ಕಟ್ಟಾದ ಕಾರಣ ಅರಗಾ, ಚೆಂಡಿಯಾ ಭಾಗದಲ್ಲಿ ಜುಲೈ ತಿಂಗಳ ಜಡಿಮಳೆಗೆ ಹೆದ್ದಾರಿಯ ಮೇಲೂ ಮನೆಗಳಿಗೂ ನೀರು ನುಗ್ಗಿದ ಸುದ್ದಿ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದಿದೆ. ಬೇಸಿಗೆಯಲ್ಲಿ ಚೆಂದ ಕಂಡ ಮನೆಯನ್ನು ಒಪ್ಪಿಕೊಳ್ಳುವ ಮೊದಲು, ಕಳೆದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ನೆರೆಮನೆಯವರನ್ನು ಕೇಳಬೇಕು. ಬಾವಿ ನೀರು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತದೆಯೇ ಎಂಬುದನ್ನೂ ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ಮನೆ ಮಾಲೀಕರಿಗಿಂತ ನೆರೆಯವರ ಉತ್ತರವೇ ನಂಬಲರ್ಹ.

ಅಂಕೋಲಾ ದಿಕ್ಕು: ಹಾರವಾಡ, ಅವರ್ಸಾ, ಅಂಕೋಲಾ ಪಟ್ಟಣ. ಅಂಕೋಲಾದಿಂದ ಅರಗಾಕ್ಕೆ ಸುಮಾರು 25 ಕಿ.ಮೀ. ಘಟ್ಟದ ಮೇಲಿನವರಿಗೆ ಇದರ ಆಕರ್ಷಣೆ ಸ್ಪಷ್ಟ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೂಲಕ ಇಳಿದು ಬರುವ ರಾಷ್ಟ್ರೀಯ ಹೆದ್ದಾರಿ 52 ಕರಾವಳಿಯ ಹೆದ್ದಾರಿ 66ನ್ನು ಕೂಡುವುದು ಅಂಕೋಲಾದಲ್ಲೇ. ಊರಿನ ಕಡೆ ಹೊರಡುವ ಬಸ್ಸಿಗೆ ಕಾರವಾರದವರೆಗೆ ಹೋಗಬೇಕಿಲ್ಲ. ಗೋಖಲೆ ಶತಾಬ್ದಿ ಕಾಲೇಜು ಇರುವ ಈ ಪಟ್ಟಣ ಓದಿಗೂ ಹೆಸರಾದದ್ದು. ಕೊಂಕಣ ರೈಲ್ವೆಯ ನಿಲ್ದಾಣಗಳು ಅಂಕೋಲಾ, ಹಾರವಾಡಗಳಲ್ಲಿವೆಯಾದರೂ ಇಲ್ಲಿ ನಿಲ್ಲುವ ರೈಲುಗಳ ವೇಳೆ ಕೆಲಸದ ವೇಳೆಗೆ ಹೊಂದುವುದೇ ಎಂದು ನೋಡಿಕೊಂಡೇ ನಂಬಬೇಕು. ಇನ್ನೂ ದಕ್ಷಿಣಕ್ಕೆ, ಕುಮಟಾ, ಗೋಕರ್ಣಗಳ ಕಡೆಗೆ ಮನೆ ಮಾಡುವವರು ಶಿರೂರನ್ನು ಮರೆಯುವಂತಿಲ್ಲ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಕುಸಿತ ಅಂಕೋಲಾ ಪಟ್ಟಣದ ದಕ್ಷಿಣಕ್ಕಾದ್ದರಿಂದ ಅಂಕೋಲಾದಿಂದ ನೆಲೆಗೆ ಹೋಗುವ ದಾರಿ ಉಳಿಯಿತು, ಕುಮಟಾದಿಂದ ಬರುವ ದಾರಿ ಕಡಿಯಿತು. ಹೆದ್ದಾರಿಯಲ್ಲಿ 20 ಕಿ.ಮೀ. ಆಚೀಚೆ ಎಂಬುದು ಒಮ್ಮೊಮ್ಮೆ ಎಷ್ಟು ದೊಡ್ಡ ವ್ಯತ್ಯಾಸ ಎಂಬುದಕ್ಕೆ ಇದು ನಿದರ್ಶನ.

ಕಾಳಿ ನದಿಯಾಚೆ: ಸದಾಶಿವಗಡ, ಚಿತ್ತಾಕುಲ, ಮಾಜಾಳಿ ಮತ್ತು ಗಡಿ ದಾಟಿದರೆ ಗೋವಾದ ಕಾಣಕೋಣ. ಗೋವಾದ ಆಸ್ಪತ್ರೆ, ಮಡಗಾಂವಿನ ಪೇಟೆಗೆ ಹತ್ತಿರ ಎಂಬುದು ಇದರ ಗುಣ. ಆದರೆ ನೆಲೆಗೆ ಬರಲು ನದಿ ದಾಟಲೇಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ನಾಲ್ಕು ದಶಕ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಪಕ್ಕದ ಹೊಸ ಸೇತುವೆ ಇದ್ದುದರಿಂದ ಎರಡೂ ದಿಕ್ಕಿನ ಸಂಚಾರವನ್ನು ಅದರ ಮೇಲೆ ಬಿಡಲಾಯಿತು. ಒಂದೇ ಸೇತುವೆಯನ್ನು ನಂಬಿದ ನಿತ್ಯದ ಪಯಣಕ್ಕೆ ಇರುವ ಅಪಾಯ ಅಂದು ಎಲ್ಲರಿಗೂ ಮನದಟ್ಟಾಯಿತು.

ಹಣದ ಲೆಕ್ಕ

ಕೇಂದ್ರ ಸರ್ಕಾರದ ನೌಕರರಿಗೆ ಮನೆ ಬಾಡಿಗೆ ಭತ್ಯೆ ನಿಗದಿಯಾಗುವುದು ಕೆಲಸದ ಸ್ಥಳವನ್ನು ಅನುಸರಿಸಿ, ವಾಸದ ಸ್ಥಳವನ್ನಲ್ಲ. ಕಾರವಾರ ಕೊನೆಯ ದರ್ಜೆಯಾದ 'ಝಡ್' ವರ್ಗದಲ್ಲಿದೆ. ಏಳನೇ ವೇತನ ಆಯೋಗದ ನಿಯಮದಂತೆ ಈ ವರ್ಗದ ಭತ್ಯೆ 2024ರ ಜನವರಿಯಿಂದ ಮೂಲವೇತನದ ಶೇ 10. ಮೂಲವೇತನ 19,900 ರೂಪಾಯಿ ಇರುವ ಕುಶಲಕರ್ಮಿಗೆ ಬರುವುದು 1,990 ರೂಪಾಯಿ. ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಮನೆ ಮಾಡಿದರೂ ಇದು ಹೆಚ್ಚುವುದಿಲ್ಲ. ಸರ್ಕಾರಿ ವಸತಿಗೃಹ ಸಿಕ್ಕಿದರೆ ಈ ಭತ್ಯೆ ನಿಲ್ಲುತ್ತದೆ. ಪ್ರಯಾಣ ಭತ್ಯೆಯೂ ದೂರವನ್ನು ನೋಡುವುದಿಲ್ಲ. ವೇತನ ಶ್ರೇಣಿಗೆ ತಕ್ಕ ನಿಗದಿತ ಮೊತ್ತ. ಒಟ್ಟಿನಲ್ಲಿ ದೂರ ಹೋದಷ್ಟೂ ಹೊರೆ ನೌಕರನ ಜೇಬಿಗೇ.

ಒಂದು ಉದಾಹರಣೆ ನೋಡಬಹುದು. ಅಂಕೋಲಾದಿಂದ ದ್ವಿಚಕ್ರ ವಾಹನದಲ್ಲಿ ದಿನಕ್ಕೆ ಹೋಗಿಬರುವುದು 50 ಕಿ.ಮೀ. ತಿಂಗಳಿಗೆ 25 ದಿನವೆಂದರೆ 1,250 ಕಿ.ಮೀ. ಲೀಟರಿಗೆ 50 ಕಿ.ಮೀ. ಓಡುವ ವಾಹನಕ್ಕೆ 25 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿಯೆಂದು ಹಿಡಿದರೂ 2,500 ರೂಪಾಯಿ. ಕಾರವಾರದಿಂದಾದರೆ ದಿನಕ್ಕೆ 20 ಕಿ.ಮೀ.; ತಿಂಗಳಿಗೆ 1,000 ರೂಪಾಯಿ. ವ್ಯತ್ಯಾಸ 1,500 ರೂಪಾಯಿ. ಅಂದರೆ ಕಾರವಾರದ ಬಾಡಿಗೆ ಅಂಕೋಲಾದ ಬಾಡಿಗೆಗಿಂತ 1,500 ರೂಪಾಯಿಗೂ ಹೆಚ್ಚಾಗಿದ್ದರೆ ಮಾತ್ರ ಅಂಕೋಲಾದಲ್ಲಿ ಉಳಿತಾಯ. ಟಯರು, ಸರ್ವಿಸು ಸೇರಿಸಿದರೆ ಆ ಗೆರೆ ಇನ್ನೂ ಮೇಲೇರುತ್ತದೆ. ದಿನಕ್ಕೆ 40 ನಿಮಿಷ ಹೆಚ್ಚು ಪಯಣವೆಂದರೆ ತಿಂಗಳಿಗೆ 16 ಗಂಟೆಗೂ ಹೆಚ್ಚು. ಅದು ಎರಡು ದಿನದ ದುಡಿಮೆಯಷ್ಟು ಹೊತ್ತು.

ಇನ್ನು ಸನವಳ್ಳಿಯ ಲೆಕ್ಕ. ನಿತ್ಯದ ಓಡಾಟ ಅಸಾಧ್ಯ. ನೆಲೆಯ ಬಳಿ ಮೂವರು ನಾಲ್ವರು ಸೇರಿ ಕೋಣೆ ಹಿಡಿದು, ತಿಂಗಳಿಗೆ ನಾಲ್ಕು ಬಾರಿ ಊರಿಗೆ ಹೋಗಿಬಂದರೆ 1,120 ಕಿ.ಮೀ. ಆಗುತ್ತದೆ. ಅಚ್ಚರಿಯೆಂದರೆ ಇದು ಅಂಕೋಲಾದಿಂದ ನಿತ್ಯ ಓಡಾಡುವವನ ದೂರಕ್ಕಿಂತಲೂ ಕಡಿಮೆ. ಊರಿನಲ್ಲಿ ಗದ್ದೆಯೋ ಗೋವಿನಜೋಳದ ಹೊಲವೋ ಇದ್ದು, ನೋಡಿಕೊಳ್ಳುವ ಹಿರಿಯರಿದ್ದು, ಮಕ್ಕಳು ಮುಂಡಗೋಡದ ಶಾಲೆಯಲ್ಲಿ ಹೊಂದಿಕೊಂಡಿದ್ದರೆ ಕಾಗದದ ಮೇಲೆ ಇದು ನಷ್ಟದ ದಾರಿಯಲ್ಲ. ಗುತ್ತಿಗೆ ನೌಕರರಿಗಂತೂ ಆರಂಭದ ವರ್ಷದಲ್ಲಿ ಇದೇ ವಿವೇಕದ ದಾರಿ ಎನಿಸಬಹುದು. ಊರಿನ ಮನೆಗೆ ಬಾಡಿಗೆಯಿಲ್ಲ, ಅಕ್ಕಿ ಜೋಳ ಹೊಲದ್ದು.

ಆದರೆ ಇದರ ಬೆಲೆಯನ್ನು ತೆರುವವರು ಮನೆಯ ಹೆಂಗಸರು ಮತ್ತು ಹಿರಿಯರು. ಹೊಲದ ಕೆಲಸ, ದನಕರು, ಮಕ್ಕಳ ಜ್ವರ, ಶಾಲೆಯ ಸಭೆ ಎಲ್ಲವೂ ಒಬ್ಬರ ಹೆಗಲಿಗೆ ಬೀಳುತ್ತವೆ. ಬಿತ್ತನೆಯ ಹಂಗಾಮೂ ಕರಾವಳಿಯ ದಾರಿ ಕೆಡುವ ಕಾಲವೂ ಒಂದೇ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಶಿರಸಿಯ ಮೂಲಕ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ದಾರಿಯೂ ಮಳೆಗೆ ಹೊರತಲ್ಲ. ಮನೆಯವರಿಗೆ ಬೇಕೇಬೇಕಾದ ವಾರದಲ್ಲೇ ಮನೆಗೆ ಬರಲಾಗದಿರುವುದು ಈ ಏರ್ಪಾಡಿನ ದೊಡ್ಡ ಕೊರತೆ.

ಮಕ್ಕಳು, ಭಾಷೆ, ಆಸ್ಪತ್ರೆ

ಕೇಂದ್ರೀಯ ವಿದ್ಯಾಲಯಗಳ ಪ್ರವೇಶದಲ್ಲಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಆದ್ಯತೆ ಇದೆ. ಗುತ್ತಿಗೆ ನೌಕರರ ಮಕ್ಕಳಿಗೆ ಆ ಆದ್ಯತೆಯನ್ನು ನೆಚ್ಚಿಕೊಳ್ಳಲಾಗದು. ಕನ್ನಡ ಮಾಧ್ಯಮದಿಂದ ಬಂದ ಮಗುವನ್ನು ನಡುವಿನ ತರಗತಿಯಲ್ಲಿ ಹಿಂದಿ, ಇಂಗ್ಲಿಷ್ ಶಾಲೆಗೆ ಸೇರಿಸುವುದಕ್ಕಿಂತ ಶೈಕ್ಷಣಿಕ ವರ್ಷ ಮುಗಿಯುವ ತನಕ ಕಾಯುವುದು ಲೇಸು. ಮನೆ ಬದಲಿಸುವ ತಿಂಗಳನ್ನು ಶಾಲೆಯ ದಿನದರ್ಶಿಕೆ ನೋಡಿ ನಿರ್ಧರಿಸಬೇಕೇ ಹೊರತು ಕೆಲಸಕ್ಕೆ ಸೇರುವ ದಿನಾಂಕವನ್ನು ನೋಡಿ ಅಲ್ಲ.

ಕಾರವಾರದ ಮನೆಮಾತು ಬಹುಪಾಲು ಕೊಂಕಣಿ. ಮುಂಡಗೋಡದ ಕನ್ನಡಕ್ಕೆ ಹುಬ್ಬಳ್ಳಿಯ ಸೊಗಡು. ಅಂಗಡಿ, ಕಚೇರಿಗಳಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲ. ಆದರೂ ಹೊಸದಾಗಿ ಬಂದ ಗೃಹಿಣಿಗೆ ಓಣಿಯಲ್ಲಿ ಬೆರೆಯಲು ಕೆಲವು ತಿಂಗಳು ಬೇಕು. ಮಳೆಯೂ ಹೊಸದೇ: ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಸುರಿದರೆ ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ.

ನೌಕಾಪಡೆಯ ಐಎನ್ಎಚ್ಎಸ್ ಪತಂಜಲಿ ಆಸ್ಪತ್ರೆ 2020ರ ಕೋವಿಡ್ ಕಾಲದಲ್ಲಿ ಭಟ್ಕಳದ ರೋಗಿಗಳಿಗೆ ಚಿಕಿತ್ಸೆ ನೀಡಿ ಜಿಲ್ಲೆಯ ಮೆಚ್ಚುಗೆ ಗಳಿಸಿತ್ತು. ಆದರೆ ಸಾಮಾನ್ಯ ಕಾಲದಲ್ಲಿ ಅದು ನೌಕಾಪಡೆಯವರಿಗಾಗಿ ಇರುವ ಆಸ್ಪತ್ರೆ. ಗಂಭೀರ ಕಾಯಿಲೆಗೆ ಜಿಲ್ಲೆಯ ಜನ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಧಾವಿಸುವುದು ತಪ್ಪಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆ ಹಳೆಯದು. ಹೃದ್ರೋಗವೋ ಡಯಾಲಿಸಿಸ್ಸೋ ಇರುವ ಹಿರಿಯರನ್ನು ಕರೆತರುವ ಮುನ್ನ ಹುಬ್ಬಳ್ಳಿಗೆ ಹತ್ತಿರವಿರುವ ಊರೇ ಅವರಿಗೆ ಕ್ಷೇಮವಲ್ಲವೇ ಎಂದು ಯೋಚಿಸಬೇಕು.

ಕಾಗದಪತ್ರದಲ್ಲಿ ಎಚ್ಚರ

ಬಾಡಿಗೆ ಕರಾರನ್ನು ಬರಹದಲ್ಲೇ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ 11 ತಿಂಗಳಿಗೆ ಕರಾರು ಮಾಡುವುದಕ್ಕೆ ಕಾರಣ, ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾಗಿರುವುದು. ವರ್ಗಾವಣೆಯಾದರೆ ಅಥವಾ ವಸತಿಗೃಹ ಮಂಜೂರಾದರೆ ಒಂದು ತಿಂಗಳ ಸೂಚನೆಯ ಮೇಲೆ ಮನೆ ಬಿಡಬಹುದೆಂಬ ಷರತ್ತನ್ನು ಸೇರಿಸಿಕೊಳ್ಳುವುದು ಜಾಣತನ. ಗೇಟ್ ಪಾಸಿಗೆ ಪೊಲೀಸ್ ಪರಿಶೀಲನೆ ನಡೆಯುವುದರಿಂದ ವಿಳಾಸ ಬದಲಾದಾಗ ತಿಳಿಸದೆ ಇರಬಾರದು.

ಜಾಗ ಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ಕೃಷಿ ಜಮೀನು ಬಿನ್‌ಶೇತ್ಕಿ ಆಗಿದೆಯೇ, ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ ಇದೆಯೇ, ಕರಾವಳಿ ನಿಯಂತ್ರಣ ವಲಯದ ಗೆರೆಯೊಳಗೆ ಬರುತ್ತದೆಯೇ, ರಕ್ಷಣಾ ಪ್ರದೇಶದ ಗೋಡೆಗೆ ಸಮೀಪವಾಗಿದ್ದು ಕಟ್ಟಡಕ್ಕೆ ನಿರ್ಬಂಧವಿದೆಯೇ ಎಂಬ ನಾಲ್ಕನ್ನೂ ನೋಡದೆ ಮುಂಗಡ ಕೊಡಬಾರದು. ನಿರಾಶ್ರಿತರಿಗೆ ಹಂಚಿದ ನಿವೇಶನವಾದರೆ ಮಾರುವ ಹಕ್ಕು ಪೂರ್ತಿ ಬಂದಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಮಾತಿನಲ್ಲೂ ಎಚ್ಚರ ಬೇಕು. ನೌಕಾನೆಲೆಗಳ ಮಾಹಿತಿ ಸೋರಿಕೆ ಆರೋಪದ ಪ್ರಕರಣದಲ್ಲಿ 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ಇದೇ ಜಿಲ್ಲೆಯ ಇಬ್ಬರನ್ನು ಬಂಧಿಸಿತ್ತು. ಕೋಣೆಯ ಜೊತೆಗಾರರ ನಡುವೆಯಾಗಲಿ, ಮೊಬೈಲಿನಲ್ಲಿ ಪರಿಚಯವಾದವರೊಂದಿಗಾಗಲಿ ನೆಲೆಯ ಒಳಗಿನ ಚಿತ್ರ, ನೌಕೆಗಳ ಸಂಚಾರದ ಮಾತು ಬೇಡ.

ಕೊನೆಗೆ ತೀರ್ಮಾನ ಹೇಗೆ?

ಒಂಟಿಯಾಗಿರುವ ಪಾಳಿ ಕೆಲಸಗಾರನಿಗೆ ನೆಲೆಯ ಸೆರಗಿನ ಹಳ್ಳಿ, ಇಬ್ಬರೂ ದುಡಿಯುವ ಸಂಸಾರಕ್ಕೆ ಕಾರವಾರ, ಘಟ್ಟದ ಮೇಲಿನ ಊರಿನ ನಂಟು ಬಿಡಲಾರದ ಕಾಯಂ ನೌಕರನಿಗೆ ಅಂಕೋಲಾ, ಗುತ್ತಿಗೆಯ ಅನಿಶ್ಚಿತತೆ ಇರುವವನಿಗೆ ಕೋಣೆ ಮತ್ತು ಊರು. ಸ್ಥೂಲವಾಗಿ ಇದು ಒಪ್ಪುವ ಹೊಂದಾಣಿಕೆ. ಆದರೂ ಮೊದಲ ಕರಾರನ್ನು ಒಂದೇ ಮಳೆಗಾಲಕ್ಕೆಂದು ಮಾಡಿಕೊಂಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯನ್ನೂ ಮನೆಯನ್ನೂ ಪರೀಕ್ಷಿಸಿದ ಮೇಲೆಯೇ ಸಂಸಾರ ತರುವುದು ಎಲ್ಲರಿಗೂ ಒಪ್ಪುವ ಕ್ರಮ.

ಮನೆ ಹುಡುಕಿ ಬರುವವರು ಇನ್ನೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಸೂಕ್ತ. ತೋಡೂರಿನಲ್ಲೋ ಹಾರವಾಡದಲ್ಲೋ ಕೋಣೆ ಬಾಡಿಗೆಗೆ ಕೊಡುವ ಕುಟುಂಬ, ಒಂದು ಕಾಲದಲ್ಲಿ ಇದೇ ನೆಲೆಗಾಗಿ ಗದ್ದೆ, ತೋಟ, ಮೀನುಗಾರಿಕೆಯ ದಂಡೆಯನ್ನು ಬಿಟ್ಟುಕೊಟ್ಟದ್ದಾಗಿರಬಹುದು. ಪರಿಹಾರ ಹೆಚ್ಚಳಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲೇರಿದ ಅನೇಕರಿಗೆ ಬಾಡಿಗೆಯೇ ಇಂದು ಕೈಗೆ ಬರುವ ಆದಾಯ. ಸನವಳ್ಳಿಯಿಂದ ಬಂದವನು ಊರಿನ ಮನೆಯನ್ನು ವಾರಕ್ಕೊಮ್ಮೆಯಾದರೂ ನೋಡಬಲ್ಲ. ಅವರ ಹಳೆಯ ಮನೆಯಂಗಳ ಇರುವುದು ಪಾಸು ಇಲ್ಲದೆ ಹೋಗಲಾಗದ ಗೇಟಿನ ಒಳಗೆ.